ಗಷ್ಟು ಕೂರುವ ಹೊತ್ತು

ಮೇಜಿನ ಮೇಲೆ ಎರಡು ಗಾಜಿನ ಲೋಟ ಇಟ್ಟಿದ್ದೇನೆ. ಎರಡರಲ್ಲೂ ಒಂದೇ ನೀರು. ಬೆಳಿಗ್ಗೆ ನಿಮ್ಮ ಹಾಸ್ಟೆಲ್ ಹಿಂದಿನ ಗದ್ದೆಯಿಂದ ಒಂದು ಹಿಡಿ ಮಣ್ಣು ತಂದು, ಬಕೆಟ್ಟಿನಲ್ಲಿ ಕದಡಿ, ಎರಡಕ್ಕೂ ಸಮ ಸುರಿದದ್ದು. ಬಲಗಡೆ ಲೋಟಕ್ಕೆ ಮಾತ್ರ ಒಂದು ಚಮಚ ಉಪ್ಪು ಹಾಕಿದ್ದೇನೆ. ಆಗಾಗ ಆ ಕಡೆ ಒಂದು ಕಣ್ಣು ಹಾಯಿಸಿ. ನನ್ನ ಮಾತು ಬೇಜಾರಾದರೂ ನೋಡೋದಕ್ಕೆ ಏನಾದರೂ ಇರಲಿ.

ಈ ಸಭೆ ಸ್ವಲ್ಪ ವಿಚಿತ್ರವಾಗಿದೆ. ಎಡಗಡೆ ಗಣಿತದವರು ಕೂತಿದ್ದೀರಿ, ನಡುವೆ ನಮ್ಮ ಪಶುವೈದ್ಯದವರು, ಆ ತುದಿಯಲ್ಲಿ ಭೂವಿಜ್ಞಾನದವರು. ಮೂರು ವಿಭಾಗಕ್ಕೂ ಸೇರಿ ಒಂದೇ ಉಪನ್ಯಾಸ ಮಾಡಿ ಅಂದರು. ಸ್ಟೊಕಾಸ್ಟಿಕ್ ಕ್ಯಾಲ್ಕುಲಸ್ (ಗೊತ್ತುಗುರಿಯಿಲ್ಲದ ಅಲೆದಾಟದ ಗಣಿತ), ದನದ ಪೆಥಾಲಜಿ, ಸಮುದ್ರದ ಹೂಳು. ಮೊದಲು ನಗು ಬಂತು. ಆಮೇಲೆ ನನ್ನ ಹಳೆಯ ತಪ್ಪೊಂದು ನೆನಪಾಯಿತು. ಅದನ್ನೇ ಮೊದಲು ಹೇಳಿಬಿಡುತ್ತೇನೆ.

ಕೆಲಸಕ್ಕೆ ಸೇರಿದ ಮೊದಲ ವರ್ಷ. ಮಲೆನಾಡಿನ ಒಂದು ಊರಿನಿಂದ ಒಬ್ಬ ರೈತರು ಪ್ಲಾಸ್ಟಿಕ್ ಡಬ್ಬದಲ್ಲಿ ಸಗಣಿ ತಂದಿದ್ದರು. ಹಸು ಸೊರಗುತ್ತಿದೆ, ದವಡೆ ಕೆಳಗೆ ನೀರು ತುಂಬಿದಂತೆ ಊದಿಕೊಂಡಿದೆ ಅಂದರು. ನಮ್ಮವರಿಗೆ ಇಷ್ಟು ಕೇಳಿದರೆ ಸಾಕು, ಲಿವರ್ ಫ್ಲೂಕ್ ನೆನಪಾಗಬೇಕು. ಎಲೆಯಂಥ ಚಪ್ಪಟೆ ಹುಳು. ಗದ್ದೆ ಬಯಲಿನ ಬಸವನಹುಳುವಿನಲ್ಲಿ ಬೆಳೆದು, ಹುಲ್ಲಿಗೆ ಅಂಟಿ, ದನದ ಹೊಟ್ಟೆ ಸೇರಿ, ಕೊನೆಗೆ ಪಿತ್ತನಾಳದಲ್ಲಿ ಮನೆ ಮಾಡುತ್ತದೆ. ಅದರ ಮೊಟ್ಟೆ ಸಗಣಿಯಲ್ಲಿ ಬರುತ್ತದೆ.

ಮೊಟ್ಟೆ ಹುಡುಕುವ ವಿಧಾನ ಬಹಳ ಸರಳ. ಸಗಣಿಯನ್ನು ನೀರಿನಲ್ಲಿ ಕಲಸಿ, ಚಹಾ ಸೋಸುವ ಜಾಲರಿಯಲ್ಲಿ ಸೋಸಿ, ಉದ್ದನೆಯ ಗ್ಲಾಸಿಗೆ ಸುರಿಯುವುದು. ಐದು ನಿಮಿಷ ಸುಮ್ನೆ ಬಿಡುವುದು. ಮೊಟ್ಟೆ ದೊಡ್ಡದು, ಭಾರ, ಬೇಗ ತಳ ಸೇರುತ್ತದೆ. ಸಣ್ಣ ಕಸ ಇನ್ನೂ ಮೇಲೇ ತೇಲಾಡುತ್ತಿರುತ್ತದೆ. ಮೇಲಿನ ಬಗ್ಗಡವನ್ನು ಬಗ್ಗಿಸಿ ಚೆಲ್ಲಿ, ಹೊಸ ನೀರು ಹಾಕಿ, ಮತ್ತೆ ಐದು ನಿಮಿಷ. ಮೇಲಿನ ನೀರು ತಿಳಿಯಾಗುವವರೆಗೆ ಹೀಗೇ. ಕೊನೆಗೆ ಉಳಿದ ಗಷ್ಟಿಗೆ ಒಂದು ಹನಿ ಮಿಥಿಲೀನ್ ಬ್ಲೂ. ಹುಲ್ಲಿನ ನಾರೆಲ್ಲ ನೀಲಿಯಾಗುತ್ತದೆ, ಫ್ಲೂಕ್ ಮೊಟ್ಟೆ ಮಾತ್ರ ಹಳದಿಯಾಗಿಯೇ ಉಳಿಯುತ್ತದೆ. ಒಂದು ತುದಿಗೆ ಪುಟ್ಟ ಮುಚ್ಚಳ ಇರುತ್ತದೆ. ಒಮ್ಮೆ ನೋಡಿದರೆ ಜನ್ಮದಲ್ಲಿ ಮರೆಯಲ್ಲ.

ಅವತ್ತು ಮುಂದೆ ಇಪ್ಪತ್ತು ಡಬ್ಬ ಕಾಯುತ್ತಿದ್ದವು. ನಾನು ಐದು ನಿಮಿಷ ಕಾಯಲಿಲ್ಲ. ಒಂದೂವರೆ ನಿಮಿಷಕ್ಕೇ ಚೆಲ್ಲಿದೆ. ಮೂರು ಸಲ ಹಾಗೇ ಮಾಡಿದೆ. ಸ್ಲೈಡಿನಲ್ಲಿ ಏನೂ ಕಾಣಲಿಲ್ಲ. 'ಮೊಟ್ಟೆ ಇಲ್ಲ' ಅಂತ ಬರೆದುಕೊಟ್ಟೆ.

ಹದಿನೈದು ದಿನಕ್ಕೆ ಆ ಹಸು ಸತ್ತಿತು. ಪೋಸ್ಟ್‌ಮಾರ್ಟಮ್‌ಗೆ ನನ್ನನ್ನೇ ಕಳಿಸಿದರು. ಲಿವರ್‌ಗೆ ಚೂರಿ ಹಾಕಿದರೆ ಕರಕರ ಸದ್ದು, ಮರಳು ಕುಯ್ದ ಹಾಗೆ. ಪಿತ್ತನಾಳದ ಗೋಡೆ ದಪ್ಪವಾಗಿ, ಸುಣ್ಣ ಕಟ್ಟಿ, ಹುಕ್ಕಾ ಕೊಳವೆಯಂತೆ ಗಟ್ಟಿಯಾಗಿತ್ತು. ಹಿಂಡಿದರೆ ಹುಳುಗಳು ಒಂದರ ಹಿಂದೆ ಒಂದು ಜಾರಿ ಬಂದವು. ರೈತರು ಪಕ್ಕದಲ್ಲೇ ನಿಂತಿದ್ದರು. ಏನೂ ಅನ್ನಲಿಲ್ಲ. "ಇದು ಮೊದಲೇ ಕಾಣ್ತಿರ್ಲಿಲ್ವಾ ಡಾಕ್ಟ್ರೇ?" ಅಂತ ಇಷ್ಟೇ ಕೇಳಿದರು.

ಕಾಣುತ್ತಿತ್ತು. ಮೊಟ್ಟೆಗಳೆಲ್ಲ ನಾನು ಸಿಂಕಿಗೆ ಚೆಲ್ಲಿದ ನೀರಿನಲ್ಲಿ ಹೋಗಿದ್ದವು.

ಆಗ ನನಗೆ ಒಂದು ಪ್ರಶ್ನೆ ಹತ್ತಿತು. ಈ 'ಐದು ನಿಮಿಷ' ಎಲ್ಲಿಂದ ಬಂತು? ಯಾರು ಹೇಳಿದ್ದು? ನೀರಿನಲ್ಲಿ ಒಂದು ಕಣ ಬೀಳೋಕೆ ಎಷ್ಟು ಹೊತ್ತು ಬೇಕು ಅಂತ ಹುಡುಕುತ್ತಾ ಹೋದೆ. ಆ ದಾರಿ ಒಂದು ಕಡೆ ಸಮುದ್ರಕ್ಕೂ ಇನ್ನೊಂದು ಕಡೆ ಗಣಿತಕ್ಕೂ ಹೋಯಿತು. ಇವತ್ತು ನಾನು ಹೇಳೋದು ಅಷ್ಟೇ.

ಸೂತ್ರ ಕೊಟ್ಟವರು ಜಾರ್ಜ್ ಗೇಬ್ರಿಯಲ್ ಸ್ಟೋಕ್ಸ್, 1851ರಲ್ಲಿ. ಅವರಿಗೆ ಹೂಳೂ ಬೇಕಿರಲಿಲ್ಲ, ಸಗಣಿಯೂ ಬೇಕಿರಲಿಲ್ಲ. ಗಡಿಯಾರದ ಲೋಲಕಕ್ಕೆ ಗಾಳಿ ಎಷ್ಟು ಅಡ್ಡಿ ಮಾಡುತ್ತದೆ ಅಂತ ಲೆಕ್ಕ ಹಾಕುತ್ತಿದ್ದರು. ಅದರಿಂದ ಬಂದ ಫಲ ಇದು: ಸಣ್ಣ ಕಣ ಬೀಳುವ ವೇಗ ಅದರ ಅಗಲದ ವರ್ಗದ ಮೇಲೆ ನಿಂತಿದೆ. ಅಗಲ ಹತ್ತು ಪಟ್ಟಾದರೆ ವೇಗ ನೂರು ಪಟ್ಟು. ಈ ಒಂದು ಮಾತು ನೆನಪಿಟ್ಟುಕೊಂಡರೆ ನನ್ನ ಅರ್ಧ ಭಾಷಣ ಮುಗಿದ ಹಾಗೆ.

ನಿಮ್ಮ ಮನೆಯಲ್ಲೇ ಇದರ ಸಾಕ್ಷಿ ಇದೆ. ಕೊಟ್ಟಿಗೆಯಿಂದ ಕರೆದ ಹಾಲು ಇಟ್ಟರೆ ಕೆನೆ ಮೇಲೆ ಬರುತ್ತದೆ. ಅದೂ ಸ್ಟೋಕ್ಸ್ ಲೆಕ್ಕವೇ, ಬರೀ ತಲೆಕೆಳಗು. ಹೋಮೊಜಿನೈಸ್ ಮಾಡಿದ ಪ್ಯಾಕೆಟ್ ಹಾಲಿನಲ್ಲಿ ಕೊಬ್ಬಿನ ಗೋಲಿಗಳನ್ನು ಒಡೆದು ತೀರಾ ಚಿಕ್ಕದು ಮಾಡಿರುತ್ತಾರೆ. ಕೊಬ್ಬು ಇದ್ದೇ ಇರುತ್ತದೆ, ಮೇಲೆ ಬರೋಕೆ ಪುರುಸೊತ್ತು ಸಿಗಲ್ಲ. ಪಾಪ, ಡೈರಿಯವರು ಕೆನೆ ಕದ್ದರು ಅಂತ ಬೈತಾರೆ ಜನ.

ಈಗ ಇದೇ ಲೆಕ್ಕವನ್ನು ಸಮುದ್ರಕ್ಕೆ ಒಯ್ಯೋಣ. ಆಳ 4000 ಮೀಟರ್ ಅಂತ ಇಟ್ಟುಕೊಳ್ಳಿ. ಮಿಲಿಮೀಟರಿನ ಹತ್ತನೇ ಒಂದು ಭಾಗದ ಮರಳಿನ ಕಾಳು ಮೇಲಿಂದ ಹೊರಟರೆ ಆರು ದಿನದ ಹೊತ್ತಿಗೆ ತಳ ಮುಟ್ಟುತ್ತದೆ. ಎರಡು ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಎರಡು ಭಾಗ, ಅಗಲದ ಜೇಡಿ ಕಣ? ದಿನಕ್ಕೆ ಸುಮಾರು 30 ಸೆಂಟಿಮೀಟರ್. ತಳ ಮುಟ್ಟೋಕೆ 35 ವರ್ಷ! ನೀವು ಹುಟ್ಟಿದಾಗ ಹೊರಟದ್ದು ನಿಮ್ಮ ಮಗುವನ್ನು ಶಾಲೆಗೆ ಸೇರಿಸುವ ಹೊತ್ತಿಗೆ ತಳ ಕಾಣುತ್ತದೆ.

ಇಲ್ಲೊಂದು ತೊಡಕಿದೆ. 35 ವರ್ಷ ನೀರಿನಲ್ಲಿದ್ದರೆ ಪ್ರವಾಹಗಳು ಅದನ್ನು ಎಲ್ಲಿಂದ ಎಲ್ಲಿಗೋ ಒಯ್ದುಬಿಡಬೇಕು. ಅರಬ್ಬಿ ಸಮುದ್ರದ ಜೇಡಿ ಎಲ್ಲೆಲ್ಲೋ ಹರಡಿ, ತಳದ ಕೆಸರೆಲ್ಲ ಒಂದೇ ಥರ ಕಲಸಿಹೋಗಬೇಕು. ಆದರೆ ಹಾಗಿಲ್ಲ. ಮೇಲೆ ಏನು ನಡೆಯುತ್ತದೋ ಅದರ ಗುರುತು ಹೆಚ್ಚುಕಡಿಮೆ ನೇರ ಕೆಳಗೇ ಸಿಗುತ್ತದೆ. 1986ರಿಂದ ಗೋವಾದ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆ ಮತ್ತು ಜರ್ಮನಿಯ ಹ್ಯಾಂಬರ್ಗ್ ವಿಶ್ವವಿದ್ಯಾಲಯದವರು ಅರಬ್ಬಿ ಸಮುದ್ರದ ಆಳದಲ್ಲಿ ದೊಡ್ಡ ದೊಡ್ಡ ಆಲಿಕೆ ಇಳಿಬಿಟ್ಟು, ಮೇಲಿಂದ ಬೀಳುವುದನ್ನು ಹಿಡಿಯತೊಡಗಿದರು. ಮುಂಗಾರಿನಲ್ಲಿ ಮೇಲೆ ಜೀವಿಗಳು ಹೆಚ್ಚಿದರೆ, ಕಿಲೋಮೀಟರುಗಟ್ಟಲೆ ಕೆಳಗಿನ ಆಲಿಕೆಗೂ ಅದೇ ಹಂಗಾಮಿನಲ್ಲಿ ಜಾಸ್ತಿ ಬೀಳುತ್ತಿತ್ತು. 35 ವರ್ಷದ ಮಾತೇ ಇಲ್ಲ, ವಾರಗಳ ಲೆಕ್ಕ.

ಹೇಗೆ? ಉತ್ತರ ಕೇಳಿದರೆ ಪಶುವೈದ್ಯರಿಗೆ ಖುಷಿಯಾಗುತ್ತದೆ. ಸಗಣಿ! ಸಮುದ್ರದ ಮೇಲ್ಪದರದಲ್ಲಿ ಕೋಪೆಪಾಡ್ ಅನ್ನುವ ಪುಟ್ಟ ಸೀಗಡಿಯಂಥ ಜೀವಿಗಳು ಕೋಟಿಗಟ್ಟಲೆ ಇವೆ. ಅವು ಪಾಚಿ ತಿನ್ನುವಾಗ ಜೇಡಿಯನ್ನೂ ನುಂಗುತ್ತವೆ. ಹಿಕ್ಕೆ ಹಾಕುವಾಗ ಸಾವಿರಾರು ಕಣ ಒಂದೇ ಉಂಡೆಯಾಗಿ ಹೊರಬರುತ್ತದೆ. ಅಗಲ ನೂರು ಮೈಕ್ರಾನಿನ ಹತ್ತಿರ. ದಿನಕ್ಕೆ ಹತ್ತಾರು ಮೀಟರಿನಿಂದ ನೂರಿನ್ನೂರು ಮೀಟರ್ ಇಳಿಯುತ್ತದೆ. ಜೊತೆಗೆ ಲೋಳೆ, ಸತ್ತ ಪಾಚಿ ಎಲ್ಲ ಸೇರಿ ಹಿಮದ ಹಳಕಿನಂತೆ ಬೀಳುವುದೂ ಇದೆ. ಒಂಟಿಯಾಗಿ 35 ವರ್ಷ ತೆಗೆದುಕೊಳ್ಳುವ ಕಣ ಗುಂಪಿನಲ್ಲಿ ಒಂದೆರಡು ತಿಂಗಳಿಗೆ ಮುಟ್ಟುತ್ತದೆ. ಭೂವಿಜ್ಞಾನದವರು ಬೇಜಾರು ಮಾಡಿಕೊಳ್ಳಬೇಡಿ. ನೀವು ಲ್ಯಾಬಿನಲ್ಲಿ ಜೋಪಾನವಾಗಿ ಇಟ್ಟಿರುವ ಆಳಸಮುದ್ರದ ಕೆಸರಿನಲ್ಲಿ ದೊಡ್ಡ ಪಾಲು ಯಾರದೋ ಹೊಟ್ಟೆಯಿಂದ ದಾಟಿ ಬಂದದ್ದು.

ಈಗ ಲೋಟ ನೋಡಿ. ಉಪ್ಪು ಹಾಕಿದ್ದು ಮೇಲಿಂದ ಎರಡು ಬೆರಳಷ್ಟು ತಿಳಿಯಾಗಿದೆ, ಅಲ್ವಾ? ಎಡಗಡೆದು ಹಾಗೇ ಇದೆ. ಜೇಡಿ ಕಣಗಳ ಮೇಲೆ ವಿದ್ಯುತ್ ಆವೇಶ ಇರುತ್ತದೆ, ಒಂದನ್ನೊಂದು ದೂರ ತಳ್ಳುತ್ತವೆ. ಉಪ್ಪು ಬಿದ್ದರೆ ಆ ತಳ್ಳಾಟ ಅಡಗುತ್ತದೆ. ಅಂಟಿಕೊಂಡು ಗಂಟಾಗುತ್ತವೆ, ಬೀಳುತ್ತವೆ. ಕಾಳಿ, ಶರಾವತಿ, ನೇತ್ರಾವತಿ ಮಳೆಗಾಲದಲ್ಲಿ ಹೊತ್ತು ತಂದ ಕೆಂಪು ರಾಡಿ ಅಳಿವೆಯಲ್ಲಿ ಉಪ್ಪುನೀರು ಸೇರಿದಾಗ ಆಗುವುದೂ ಇದೇ. ನಮ್ಮಜ್ಜಿ ಬಗ್ಗಡ ನೀರಿನ ಕೊಡದಲ್ಲಿ ಪಟಿಕದ ತುಂಡು ತಿರುಗಿಸುತ್ತಿದ್ದದ್ದೂ ಇಂಥದ್ದೇ ಕೆಲಸಕ್ಕೆ.

ರಕ್ತದಲ್ಲೂ ಇದನ್ನು ನೋಡಬಹುದು. ಒಂದು ಕೊಳವೆಯಲ್ಲಿ ಕುದುರೆ ರಕ್ತ, ಇನ್ನೊಂದರಲ್ಲಿ ಹಸುವಿನ ರಕ್ತ. ಹೆಪ್ಪುಗಟ್ಟದಂತೆ ಔಷಧಿ ಹಾಕಿ ಸ್ಟ್ಯಾಂಡಿನಲ್ಲಿ ನಿಲ್ಲಿಸಿ. ಇಪ್ಪತ್ತು ನಿಮಿಷಕ್ಕೆ ಕುದುರೆ ರಕ್ತದಲ್ಲಿ ಕೆಂಪು ಕೆಳಗಿಳಿದು, ಮೇಲೆ ಹಳದಿ ಪ್ಲಾಸ್ಮಾ ನಿಂತಿರುತ್ತದೆ. ಹಸುವಿನದು ಒಂದು ಗಂಟೆಯಾದರೂ ಅಲುಗಿದಂತೆ ಕಾಣಲ್ಲ. ಎರಡರ ಕೆಂಪು ಕಣವೂ ಹೆಚ್ಚುಕಡಿಮೆ ಒಂದೇ ಅಳತೆ, ಐದಾರು ಮೈಕ್ರಾನ್. ಹಾಗಾದರೆ ವ್ಯತ್ಯಾಸ ಯಾಕೆ? ಕುದುರೆಯ ಕಣಗಳು ಹಪ್ಪಳದ ಕಟ್ಟಿನಂತೆ ಒಂದರ ಮೇಲೊಂದು ಕೂರುತ್ತವೆ. ಹಸುವಿನವು ಕೂರುವುದಿಲ್ಲ, ಒಂಟೊಂಟಿ. ಮನುಷ್ಯರಲ್ಲಿ ಸೋಂಕು ಇದ್ದಾಗ, ಗರ್ಭಿಣಿಯರಲ್ಲಿ, ಈ ಕಟ್ಟು ಜಾಸ್ತಿ. ಸ್ವೀಡನ್ನಿನ ರಾಬಿನ್ ಫೋರಿಯಸ್ 1918ರಲ್ಲಿ ಗರ್ಭಿಣಿಯರ ರಕ್ತ ಬೇಗ ಕೂರುವುದನ್ನು ಗಮನಿಸಿದ್ದರಿಂದಲೇ ಇವತ್ತಿನ ಇಎಸ್‌ಆರ್ ಪರೀಕ್ಷೆ, ಅಂದರೆ ರಕ್ತ ಕೂರುವ ವೇಗ ಅಳೆಯುವುದು, ಚಾಲ್ತಿಗೆ ಬಂತು. ನಮ್ಮ ದನಕ್ಕೆ ಮಾತ್ರ ಅದು ಕೆಲಸಕ್ಕೆ ಬಾರದ ಪರೀಕ್ಷೆ. ಪಶುವೈದ್ಯದ ವಿದ್ಯಾರ್ಥಿಗಳು ಮನುಷ್ಯರ ಪುಸ್ತಕ ನೋಡಿ ದನಕ್ಕೆ ಇಎಸ್‌ಆರ್ ಬರೆದು ಬೈಸಿಕೊಳ್ಳುವುದು ಪ್ರತಿ ವರ್ಷದ ಹಬ್ಬ.

ಗಣಿತದವರು ಆಗಲೇ ಗಡಿಯಾರ ನೋಡುತ್ತಿದ್ದೀರಿ. ಬಂದೆ, ಬಂದೆ.

ಇಲ್ಲಿಯವರೆಗೆ ಕಣ ನೇರ ಬೀಳುತ್ತದೆ ಅಂತ ಹೇಳಿದೆ. ಅದು ಪೂರ್ತಿ ನಿಜವಲ್ಲ. 1827ರಲ್ಲಿ ಸಸ್ಯಶಾಸ್ತ್ರಜ್ಞ ರಾಬರ್ಟ್ ಬ್ರೌನ್ ಪರಾಗದೊಳಗಿನ ಸಣ್ಣ ಕಣಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಅವು ನೀರಿನಲ್ಲಿ ಒಂದೇ ಸಮ ಕುಣಿಯುತ್ತಿದ್ದವು. ಜೀವ ಇರಬೇಕು ಅಂದುಕೊಂಡರು. ಆಮೇಲೆ ಕಲ್ಲಿನ ಪುಡಿ ಹಾಕಿ ನೋಡಿದರು. ಈಜಿಪ್ಟಿನ ಸ್ಫಿಂಕ್ಸ್ ವಿಗ್ರಹದ ಚೂರನ್ನೂ ಬಿಡಲಿಲ್ಲ, ಪುಡಿ ಮಾಡಿ ಹಾಕಿದರು. ಅದೂ ಕುಣಿಯಿತು. ನೀರಿನ ಅಣುಗಳು ಎಲ್ಲ ಕಡೆಯಿಂದ ಗುದ್ದುವುದರಿಂದ ಹೀಗಾಗುತ್ತದೆ ಅಂತ ಐನ್‌ಸ್ಟೈನ್ 1905ರಲ್ಲಿ ಲೆಕ್ಕ ಕೊಟ್ಟರು.

ಅದನ್ನು ಪರೀಕ್ಷೆ ಮಾಡಿ ತೋರಿಸಿದ್ದು ಪ್ಯಾರಿಸ್‌ನ ಜಾನ್ ಪೆರಾನ್. ಅವರು ಬಳಸಿದ್ದು ಗ್ಯಾಂಬೋಜ್ ಅನ್ನುವ ಹಳದಿ ಅಂಟು. ಉತ್ತರ ಕನ್ನಡದವರು ಇದ್ದೀರಾ? ನಿಮ್ಮ ಉಪ್ಪಾಗೆ, ಮುರುಗಲು ಮರಗಳ ಕುಲದ್ದೇ ಒಂದು ಮರದ ಅಂಟು ಅದು. ಉಪ್ಪಾಗೆ ತೊಗಟೆ ಕೆತ್ತಿದರೆ ಹಳದಿ ಹಾಲು ಜಿನುಗುವುದನ್ನು ನೋಡಿರುತ್ತೀರಿ. ಪೆರಾನ್ ಒಂದು ಕಿಲೋ ಗ್ಯಾಂಬೋಜ್ ತಂದು, ನೀರಿನಲ್ಲಿ ಉಜ್ಜಿ, ಸೆಂಟ್ರಿಫ್ಯೂಜಿನಲ್ಲಿ ಮತ್ತೆ ಮತ್ತೆ ತಿರುಗಿಸಿ ಒಂದೇ ಅಳತೆಯ ಕಣಗಳನ್ನು ಬೇರೆ ಮಾಡಿದರು. ತಿಂಗಳುಗಟ್ಟಲೆ ಕೂತ ಮೇಲೆ ಸಿಕ್ಕಿದ್ದು ಒಂದು ಗ್ರಾಮಿಗಿಂತ ಕಡಿಮೆ. ಲ್ಯಾಬಿನಲ್ಲಿ ಕೆಲಸ ಮಾಡಿದವರಿಗೆ ಮಾತ್ರ ಆ ನೋವು ಗೊತ್ತು.

ಆ ಕಣಗಳು ತಳಕ್ಕೆ ಬಿದ್ದು ಸುಮ್ಮನಾಗಲಿಲ್ಲ. ಕೆಳಗೆ ದಟ್ಟ, ಮೇಲೆ ಹೋದಂತೆ ತೆಳು. 30 ಮೈಕ್ರಾನಿಗೆ ಒಂದರಂತೆ ನಾಲ್ಕು ಎತ್ತರದಲ್ಲಿ ಸಾವಿರಾರು ಕಣ ಎಣಿಸಿದರು. ಕೆಳಗೆ 100 ಇದ್ದರೆ, ಮೇಲೆ 47, ಅದರ ಮೇಲೆ 22.6, ಆಮೇಲೆ 12. ಪ್ರತಿ ಮೆಟ್ಟಿಲಿಗೂ ಸುಮಾರು ಅರ್ಧ. ಬೆಟ್ಟ ಹತ್ತಿದಂತೆ ಗಾಳಿ ತೆಳುವಾಗುವ ನಿಯಮವೇ ಒಂದು ಹನಿ ನೀರಿನಲ್ಲಿ ಕಂಡಿತು. ಅಣುಗಳಿವೆ ಅಂತ ಒಪ್ಪದವರೂ ಆಮೇಲೆ ಒಪ್ಪಿದರು. 1926ರಲ್ಲಿ ನೊಬೆಲ್ ಬಂತು.

ಬೀಳುವುದು ಮತ್ತು ಅಲೆಯುವುದು, ಎರಡರ ಪೈಪೋಟಿ ನೋಡಿ. ನಾನೇ ಲೆಕ್ಕ ಹಾಕಿದ್ದು. ಎರಡು ಮೈಕ್ರಾನಿನ ಜೇಡಿ ಕಣ ಒಂದು ಸೆಕೆಂಡಿನಲ್ಲಿ 3.6 ಮೈಕ್ರಾನ್ ಬೀಳುತ್ತದೆ, ಅತ್ತಿತ್ತ ಅಲೆಯುವುದು 0.65 ಮೈಕ್ರಾನ್. ಇಲ್ಲಿ ಬೀಳುವಿಕೆಯದ್ದೇ ಮೇಲುಗೈ. ಅದರ ಹತ್ತನೇ ಒಂದು ಅಗಲದ ಕಣ ತೆಗೆದುಕೊಳ್ಳಿ. ಬೀಳುವುದು ಬರೀ 0.036 ಮೈಕ್ರಾನ್, ಅಲೆಯುವುದು 2 ಮೈಕ್ರಾನ್. ಐವತ್ತು ಪಟ್ಟಿಗಿಂತ ಹೆಚ್ಚು! ಇದು ಎಂದಾದರೂ ತಳ ಸೇರುತ್ತದಾ ಅನಿಸುತ್ತದೆ.

ಸೇರುತ್ತದೆ. ಯಾಕೆಂದರೆ ಬೀಳುವುದು ಹೊತ್ತಿನ ಜೊತೆ ನೇರ ಏರುತ್ತದೆ. ಅಲೆದಾಟ ಏರುವುದು ಹೊತ್ತಿನ ವರ್ಗಮೂಲದಂತೆ. ನೂರು ಸೆಕೆಂಡಿಗೆ ನೂರು ಪಟ್ಟು ಬಿದ್ದಿರುತ್ತದೆ, ಅಲೆದಿರುವುದು ಹತ್ತೇ ಪಟ್ಟು. ಸುಮಾರು ಒಂದು ಗಂಟೆಗೆ ಎರಡೂ ಸಮ. ಅಲ್ಲಿಂದಾಚೆ ಬೀಳುವುದೇ ಮುಂದು. ಲೋಟದ ಮುಂದೆ ಐದು ನಿಮಿಷ ನಿಂತವನಿಗೆ ಕಾಣುವ ಪ್ರಪಂಚ ಬೇರೆ, ರಾತ್ರಿಯೆಲ್ಲ ಕಾದವನಿಗೆ ಕಾಣುವುದು ಬೇರೆ.

ಈ ಅಲೆದಾಟಕ್ಕೆ ಕ್ಯಾಲ್ಕುಲಸ್ ಬೇಕು ಅಂದರೆ ಕಾಲೇಜಿನಲ್ಲಿ ಕಲಿತದ್ದು ಸಾಲದು. ಯಾಕೆ ಸಾಲದು? ನಾಣ್ಯ ಚಿಮ್ಮಿ ತೋರಿಸುತ್ತೇನೆ. ಒಂದು ಗೆರೆಯ ಮೇಲೆ ನೀವು 3ನೇ ಮನೆಯಲ್ಲಿ ನಿಂತಿದ್ದೀರಿ. ರಾಜ ಬಿದ್ದರೆ ಒಂದು ಹೆಜ್ಜೆ ಮುಂದೆ, ರಾಣಿ ಬಿದ್ದರೆ ಹಿಂದೆ. ಮುಂದಿನ ಮನೆ 4 ಅಥವಾ 2. ಸರಾಸರಿ 3. ಲಾಭವೂ ಇಲ್ಲ, ನಷ್ಟವೂ ಇಲ್ಲ. ಈಗ ವರ್ಗ ನೋಡಿ. 16 ಅಥವಾ 4, ಸರಾಸರಿ 10. ಮೊದಲಿದ್ದದ್ದು 9. ಒಂದು ಜಾಸ್ತಿಯಾಯಿತು. 10ನೇ ಮನೆಯಲ್ಲಿದ್ದರೆ? 121 ಅಥವಾ 81, ಸರಾಸರಿ 101. ಅಲ್ಲೂ ಒಂದೇ ಜಾಸ್ತಿ. ಎಲ್ಲಿ ನಿಂತರೂ ಪ್ರತಿ ಚಿಮ್ಮಿಗೆ ಒಂದು. ಮಾಮೂಲಿ ಕ್ಯಾಲ್ಕುಲಸ್‌ನಲ್ಲಿ ಹೆಜ್ಜೆ ಚಿಕ್ಕದಾದರೆ ಹೆಜ್ಜೆಯ ವರ್ಗವನ್ನು ಕಸದ ಬುಟ್ಟಿಗೆ ಹಾಕುತ್ತೇವೆ. ಅಲೆದಾಟದಲ್ಲಿ ಅದನ್ನು ಬಿಸಾಡುವ ಹಾಗಿಲ್ಲ. ಪ್ರತಿ ಹೆಜ್ಜೆಯದೂ ಕೂಡಿ ಕೂಡಿ ದೊಡ್ಡ ಮೊತ್ತವಾಗುತ್ತದೆ. ಆ ಹೆಚ್ಚುವರಿ ಒಂದನ್ನು ಲೆಕ್ಕಕ್ಕೆ ಸೇರಿಸುವ ನಿಯಮವೇ ಇಟೊ ಸೂತ್ರದ ಹುರುಳು. ಮಿಕ್ಕದ್ದನ್ನು ನಿಮ್ಮ ಮೇಷ್ಟ್ರು ಬೋರ್ಡು ತುಂಬ ಬರೆಯುತ್ತಾರೆ.

ಜಪಾನಿನ ಗಣಿತಜ್ಞ ಕಿಯೊಶಿ ಇಟೊ ಇದನ್ನು 1942ರಲ್ಲಿ ಜಪಾನೀ ಭಾಷೆಯಲ್ಲಿ ಬರೆದರು, ಯುದ್ಧದ ನಡುವೆ, ಸರ್ಕಾರದ ಅಂಕಿಅಂಶ ಕಚೇರಿಯಲ್ಲಿ ಕೆಲಸ ಮಾಡುತ್ತಾ. ಅದಕ್ಕೆ ಎರಡು ವರ್ಷ ಮೊದಲು ಫ್ರಾನ್ಸಿನಲ್ಲಿ ಸೈನಿಕನಾಗಿದ್ದ ವೊಲ್ಫ್‌ಗಾಂಗ್ ಡೋಬ್ಲಿನ್ ಅನ್ನುವ ಹುಡುಗ ಇದೇ ಹಾದಿಯಲ್ಲಿ ಬಹಳ ದೂರ ಹೋಗಿದ್ದ. ಬರೆದದ್ದನ್ನು ಲಕೋಟೆಗೆ ಹಾಕಿ ಮುದ್ರೆ ಒತ್ತಿ ಪ್ಯಾರಿಸ್‌ನ ವಿಜ್ಞಾನ ಅಕಾಡೆಮಿಗೆ ಕಳಿಸಿದ. 1940ರ ಜೂನಿನಲ್ಲಿ ಜರ್ಮನ್ ಸೇನೆ ಹತ್ತಿರ ಬಂದಾಗ ಪ್ರಾಣ ಕಳೆದುಕೊಂಡ. ವಯಸ್ಸು 25. ಆ ಲಕೋಟೆ ಒಡೆದದ್ದು 2000ನೇ ಇಸವಿಯಲ್ಲಿ.

ಐನ್‌ಸ್ಟೈನ್ ವಿಷಯ ಬಂತಲ್ಲ, ಒಂದು ಮಾತು. ಅವರ ಮಗ ಹಾನ್ಸ್ ಆಲ್ಬರ್ಟ್ ಹೂಳಿನ ಎಂಜಿನಿಯರ್. ನದಿ ತಳದ ಕಲ್ಲು, ಮರಳು ಹೇಗೆ ಮುಂದೆ ಸಾಗುತ್ತದೆ ಅಂತ ಜ್ಯೂರಿಕ್‌ನಲ್ಲಿ ಸಂಶೋಧನೆ ಮಾಡಿದರು. 1937ರಲ್ಲಿ ಪ್ರಕಟವಾಯಿತು. ಒಂದು ಕಲ್ಲು ಹಾರುತ್ತದೆ, ಎಲ್ಲೋ ಕೂರುತ್ತದೆ, ಎಷ್ಟೋ ಹೊತ್ತಿನ ಮೇಲೆ ಮತ್ತೆ ಹಾರುತ್ತದೆ. ಯಾವಾಗ ಅಂತ ಹೇಳೋಕಾಗಲ್ಲ, ಸಂಭವನೀಯತೆ ಮಾತ್ರ ಹೇಳಬಹುದು ಅಂದರು. ಅಪ್ಪ ನೀರಿನೊಳಗಿನ ಕಣದ ಅಲೆದಾಟ ಬರೆದರೆ ಮಗ ನೀರಿನಡಿಯ ಕಲ್ಲಿನ ಅಲೆದಾಟ ಬರೆದ. ಅಪ್ಪನೂ ಸುಮ್ಮನಿರಲಿಲ್ಲ. ಚಹಾ ಲೋಟ ಕದಡಿದರೆ ಸೊಪ್ಪು ಅಂಚಿಗೆ ಹೋಗದೆ ತಳದ ನಡುವೆ ಯಾಕೆ ಕೂಡುತ್ತದೆ, ಅದಕ್ಕೂ ನದಿ ಬಳುಕುವುದಕ್ಕೂ ಏನು ಸಂಬಂಧ ಅಂತ 1926ರಲ್ಲಿ ಒಂದು ಲೇಖನವನ್ನೇ ಬರೆದರು. ಸಂಜೆ ಚಹಾ ಕುಡಿಯುವಾಗ ನೋಡಿ.

ಮತ್ತೆ ಸಮುದ್ರದ ತಳಕ್ಕೆ. ಕಣ ತಳ ಮುಟ್ಟಿದ ಮೇಲಾದರೂ ಅಲೆದಾಟ ನಿಂತಿತಾ? ಇಲ್ಲ. ಅಲ್ಲಿ ಹುಳುಗಳಿವೆ. ನನ್ನ ಪುಣ್ಯ ನೋಡಿ, ಎಲ್ಲಿ ಹೋದರೂ ಹುಳುವೇ. ಅವು ಕೆಸರು ತಿಂದು, ಬಿಲ ಕೊರೆದು, ಮೇಲಿನದನ್ನು ಕೆಳಗೆ, ಕೆಳಗಿನದನ್ನು ಮೇಲೆ ಮಾಡುತ್ತಲೇ ಇರುತ್ತವೆ. ಮೇಲಿನ ಸುಮಾರು 10 ಸೆಂಟಿಮೀಟರ್ ಅವುಗಳ ಹೊಲ. ತೆರೆದ ಸಾಗರದಲ್ಲಿ ಸುಣ್ಣದ ಚಿಪ್ಪಿನ ಕೆಸರು ಕೂಡುವುದು ಸಾವಿರ ವರ್ಷಕ್ಕೆ ಎರಡೋ ಮೂರೋ ಸೆಂಟಿಮೀಟರ್. ಭಾಗಿಸಿ ನೋಡಿ. ಇವತ್ತು ಬಿದ್ದ ಚಿಪ್ಪೂ ನಾಲ್ಕೈದು ಸಾವಿರ ವರ್ಷ ಹಿಂದೆ ಬಿದ್ದ ಚಿಪ್ಪೂ ಒಂದೇ ಚಮಚದಲ್ಲಿ ಸಿಗುತ್ತವೆ.

ಒಳ್ಳೆಯ ಉದಾಹರಣೆ ಟೋಬಾ. ಸುಮಾರು 74,000 ವರ್ಷ ಹಿಂದೆ ಸುಮಾತ್ರಾದಲ್ಲಿ ಸಿಡಿದ ಜ್ವಾಲಾಮುಖಿ. ಬೂದಿ ಬಂಗಾಳ ಕೊಲ್ಲಿಯಲ್ಲೂ ಸಿಗುತ್ತದೆ, ನಮ್ಮ ಅರಬ್ಬಿ ಸಮುದ್ರದಲ್ಲೂ ಸಿಗುತ್ತದೆ. ಭೂವಿಜ್ಞಾನದ ಲೆಕ್ಕದಲ್ಲಿ ಅದು ಒಂದು ಗಳಿಗೆಯ ಘಟನೆ. ತಳಕ್ಕೆ ಕೊಳವೆ ಚುಚ್ಚಿ ತೆಗೆದ ಕೆಸರಿನಲ್ಲಿ ಅದೊಂದು ತೆಳು ಗೆರೆಯಾಗಿ ಇರಬೇಕಿತ್ತು. ಹುಳು ಇದ್ದ ಕಡೆ ಅದು ಹಾಗಿರಲ್ಲ. ಮೇಲೂ ಕೆಳಗೂ ಹರಡಿ, ಒದ್ದೆ ಕಾಗದದ ಮೇಲಿನ ಇಂಕಿನಂತೆ ಆಗಿರುತ್ತದೆ. ಗೆರೆ ಮಾತ್ರ ನೋಡಿದವನು ಜ್ವಾಲಾಮುಖಿ ಸಾವಿರಾರು ವರ್ಷ ಬೂದಿ ಉಗುಳಿತು ಅಂತ ಬರೆದುಬಿಡಬಹುದು.

ಈ ಹರಡುವಿಕೆಯನ್ನು ಲೆಕ್ಕ ಹಾಕುವವರು ಏನು ಬಳಸುತ್ತಾರೆ ಗೊತ್ತಾ? ಬ್ರೌನ್ ಕಣದ ಸಮೀಕರಣವನ್ನೇ. ಬೀಳುವ ವೇಗದ ಜಾಗದಲ್ಲಿ ಕೆಸರು ಕೂಡುವ ವೇಗ. ಅಣುಗಳ ಗುದ್ದಿನ ಜಾಗದಲ್ಲಿ ಹುಳುಗಳ ಕೆದರಾಟ. ಒಂದೊಂದು ಹುಳುವಿಗೂ ಅದರದೇ ಉದ್ದೇಶ ಇದೆ, ಅದೇನು ನಾಣ್ಯ ಚಿಮ್ಮಿ ಬಿಲ ತೋಡಲ್ಲ. ಆದರೆ ಸಾವಿರಾರು ಹುಳು, ಸಾವಿರಾರು ವರ್ಷ ಆದಮೇಲೆ ಒಂದು ಚಿಪ್ಪಿನ ಕಣ್ಣಿಗೆ ಅದು ನಾಣ್ಯ ಚಿಮ್ಮಿದ್ದಕ್ಕಿಂತ ಬೇರೆಯಲ್ಲ. 1975ರಲ್ಲಿ ಗಿನಾಸೊ ಮತ್ತು ಶಿಂಕ್ ಅನ್ನುವವರು ಈ ಮಾದರಿ ಮುಂದಿಟ್ಟರು. ಇದರ ಮೇಲೆ ತಕರಾರೂ ಇದೆ. ಕೆಲವು ಹುಳು ತಲೆ ಕೆಳಗೆ ಮಾಡಿ ಆಳದಲ್ಲಿ ತಿಂದು ಮೇಲ್ಗಡೆ ಹಿಕ್ಕೆ ಹಾಕುತ್ತವೆ. ಅದು ಅಲೆದಾಟವಲ್ಲ, ಲಿಫ್ಟ್. ನನಗೂ ಆ ತಕರಾರು ಸರಿ ಅನಿಸುತ್ತದೆ. ಹುಳುವಿನ ಗುಣ ತಿಳಿಯದೆ ಬರೀ ಸಮೀಕರಣ ಹಿಡಿದವರು ಎಡವುತ್ತಾರೆ.

ಹುಳುವೇ ಇಲ್ಲದ ಜಾಗವೂ ಉಂಟು. ಅರಬ್ಬಿ ಸಮುದ್ರದ ನಡು ಆಳದಲ್ಲಿ, ಸುಮಾರು 150 ಮೀಟರಿನಿಂದ 1000 ಮೀಟರಿನವರೆಗೆ, ಆಮ್ಲಜನಕ ತೀರಾ ಕಡಿಮೆ. ಆ ಪದರ ತಳವನ್ನು ಮುಟ್ಟುವ ಕಡೆ, ಕರಾಚಿಯ ಎದುರಿನ ಇಳಿಜಾರಿನಲ್ಲಿ, ಹುಳು ಬದುಕೋಕಾಗಲ್ಲ. ಅಲ್ಲಿಂದ ತೆಗೆದ ಕೆಸರನ್ನು ಸೀಳಿದರೆ ಕಪ್ಪು ಗೆರೆ, ಬಿಳಿ ಗೆರೆ, ಮತ್ತೆ ಕಪ್ಪು, ಪುಸ್ತಕದ ಹಾಳೆ ಜೋಡಿಸಿದ ಹಾಗೆ. ವರ್ಷಕ್ಕೊಂದು ಜೋಡಿ.

ಹಿಂದಿನ ಸಾಲಿನ ಹುಡುಗಿಯೊಬ್ಬಳು ಕೇಳುತ್ತಿದ್ದಾಳೆ: ಫ್ಲೂಕ್ ಮೊಟ್ಟೆ ಹುಡುಕುವಾಗ ಜಾಸ್ತಿ ಹೊತ್ತು ಕಾದರೆ ಒಳ್ಳೆಯದೇ ಅಲ್ವಾ ಸರ್, ಐದೇ ನಿಮಿಷ ಯಾಕೆ? ಒಳ್ಳೆಯ ಪ್ರಶ್ನೆ. ಅರ್ಧ ಗಂಟೆ ಬಿಟ್ಟರೆ ಮೊಟ್ಟೆಯ ಮೇಲೆ ಸಗಣಿಯ ನಾರೆಲ್ಲ ಬಂದು ಕೂರುತ್ತದೆ. ಮೊಟ್ಟೆ ಇದ್ದೇ ಇರುತ್ತದೆ, ನಿಮಗೆ ಕಾಣಲ್ಲ. ಬೇಗ ಚೆಲ್ಲಿದರೆ ಸಿಂಕಿಗೆ ಹೋಗುತ್ತದೆ, ತಡವಾಗಿ ಚೆಲ್ಲಿದರೆ ಕಸದಲ್ಲಿ ಹೂತುಹೋಗುತ್ತದೆ. ಕದಡಿದ ಮಣ್ಣಿನ ನೀರನ್ನು ಕೊಳವೆಯಲ್ಲಿ ಎಳೆದು ಕಣಗಳ ಅಳತೆ ನೋಡುವ ಭೂವಿಜ್ಞಾನದವರ ಪಿಪೆಟ್ ಪರೀಕ್ಷೆಯಲ್ಲೂ ಇದೇ ಕಥೆ. ಜೇಡಿಯನ್ನು ಮಾತ್ರ ಹಿಡಿಯಬೇಕಾದರೆ 10 ಸೆಂಟಿಮೀಟರ್ ಆಳದಿಂದ ಸುಮಾರು ಎಂಟು ಗಂಟೆಗೆ ಸರಿಯಾಗಿ ಎಳೆಯಬೇಕು. ಹಾಗಾಗಿ ಎಡಗಡೆ ಲೋಟವನ್ನು ದಯವಿಟ್ಟು ಯಾರೂ ಅಲುಗಾಡಿಸಬೇಡಿ. ಈಗ ಹನ್ನೊಂದೂವರೆ. ಸಂಜೆ ಏಳೂವರೆಗೆ ಬಂದು ನೋಡಿ. ಆಗಲೂ ಮೇಲೆ ಒಂದಿಷ್ಟು ಮಂಜು ಮಂಜು ಇದ್ದರೆ, ಅದು ಎರಡು ಮೈಕ್ರಾನಿಗಿಂತ ಚಿಕ್ಕ ಕಣಗಳದ್ದು.